ಹೈಸ್ಕೂಲ್ ಮಕ್ಕಳ ಕೈಗೆ ಪಾನಾ ಕೊಡುವುದು ಹೇಗೆ

ಹೈಸ್ಕೂಲಿನಲ್ಲಿ ಕೈಕೆಲಸ ಕಲಿಸೋಣ ಅಂದ ತಕ್ಷಣ ನಮ್ಮ ಕಡೆ ಒಂದು ಪಟ್ಟಿ ತಯಾರಾಗುತ್ತದೆ. ಗಣಿತದಲ್ಲಿ ಫೇಲಾಗುವವರು, ವಾರಕ್ಕೆ ಎರಡು ದಿನ ತಪ್ಪಿಸಿಕೊಳ್ಳುವವರು, ಹಿಂದಿನ ಬೆಂಚಿನವರು. ‘ಇವರಿಗೆ ಓದು ಹತ್ತಲ್ಲ ಸಾರ್, ಏನಾದ್ರೂ ಕೆಲಸ ಕಲಿಸಿ’ ಅಂತ ಕೈಗೆ ಕೊಡುತ್ತಾರೆ. ಶಾಲೆಯಲ್ಲಿ ವೃತ್ತಿ ತರಬೇತಿ ಶುರು ಮಾಡಬೇಕೆಂದಿರುವ ಮೇಷ್ಟ್ರುಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರು, ತಂದೆತಾಯಿಗಳು ಮೊದಲು ಆ ಪಟ್ಟಿಯನ್ನು ಹರಿದುಹಾಕಬೇಕು. ತರಗತಿ ಅಂದರೆ ಇಡೀ ತರಗತಿ. ಮೊದಲ ಸ್ಥಾನ ಬರುವ ಹುಡುಗಿಯೂ ಬರಬೇಕು, ಡಾಕ್ಟರ್ ಆಗುತ್ತೇನೆ ಅನ್ನುವವನೂ ಬರಬೇಕು. ಪಟ್ಟಿ ಮಾಡಿ ಕಳಿಸಿದ ದಿನವೇ ಆ ಕೆಲಸಕ್ಕೆ ಶಿಕ್ಷೆಯ ಬಣ್ಣ ಬರುತ್ತದೆ, ಬಂದ ಮಕ್ಕಳೂ ತಲೆ ತಗ್ಗಿಸಿಯೇ ಬರುತ್ತಾರೆ.

ನಾನು ದಾವಣಗೆರೆಯಲ್ಲಿ ಐಟಿಐ ಫಿಟ್ಟರ್ ಟ್ರೇಡಿಗೆ ಪಾಠ ಹೇಳಿ ನಿವೃತ್ತನಾದವನು. ಈಗ ಶನಿವಾರಗಳಂದು ಹದಡಿ ರಸ್ತೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿ ಎಂಟು, ಒಂಬತ್ತನೇ ತರಗತಿಯವರಿಗೆ ಕೆಲಸ ಕಲಿಸುತ್ತೇನೆ. ಐಟಿಐಗೆ ಬರುತ್ತಿದ್ದ ಹುಡುಗರಲ್ಲಿ ಬಹಳ ಮಂದಿ ಹತ್ತನೇ ತರಗತಿ ಮುಗಿಸಿದ್ದರೂ ಒಂದು ಸ್ಟೀಲ್ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ಓದಲು ತಡಕಾಡುತ್ತಿದ್ದರು. ದಡ್ಡರಲ್ಲ ಅವರು. ಅಳತೆ ತಪ್ಪಿದರೆ ಎರಡು ತುಂಡು ಕೂಡುವುದಿಲ್ಲ ಅನ್ನುವ ಅನುಭವ ಅಲ್ಲಿಯವರೆಗೆ ಅವರ ಕೈಗೆ ಸಿಕ್ಕಿರಲಿಲ್ಲ, ಅಷ್ಟೆ. ಆ ಅನುಭವ ಹದಿನಾಲ್ಕನೇ ವಯಸ್ಸಿಗೇ ಸಿಗಬೇಕು, ಮುಂದೆ ಯಾವ ಓದಿಗೆ ಹೋಗುವ ಮಗುವಿಗಾದರೂ ಸಿಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇನ್ನೊಂದು ಮಾತು. ಮಕ್ಕಳು ಮಾಡಿದ ವಸ್ತುವನ್ನು ಯಾರಾದರೂ ನಿಜವಾಗಿ ಬಳಸಬೇಕು. ಪ್ರದರ್ಶನಕ್ಕೆ ಥರ್ಮೋಕೋಲ್ ಮನೆ, ಐಸ್‌ಕ್ರೀಂ ಕಡ್ಡಿಯ ಗಾಳಿಯಂತ್ರ ಮಾಡಿಸಿದರೆ ಬಹುಮಾನ ಬರಬಹುದು, ಕೆಲಸ ಬರುವುದಿಲ್ಲ. ಬಳಸುವವರು ಒಬ್ಬರಿದ್ದಾರೆ ಅಂತ ಗೊತ್ತಾದಾಗ ಮಗು ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತದೆ. ಕೆಳಗೆ ಹೇಳುವುದೆಲ್ಲ ಈ ಎರಡು ಮಾತಿನ ಮೇಲೆಯೇ ನಿಂತಿದೆ.

ಕಲಿಸುವವರನ್ನು ಎಲ್ಲಿ ಹುಡುಕುವುದು

ಒಂದು ಕಾಲಕ್ಕೆ ಪ್ರೌಢಶಾಲೆಗಳಲ್ಲಿ ವೃತ್ತಿ ಶಿಕ್ಷಕರು ಇರುತ್ತಿದ್ದರು, ಹೊಲಿಗೆ, ಮರಗೆಲಸ, ನೇಯ್ಗೆ ಹೇಳಿಕೊಡುತ್ತಿದ್ದರು. ಈಗ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಅನ್ನುವ ರಾಷ್ಟ್ರೀಯ ಕೌಶಲ ಶಿಕ್ಷಣ ಚೌಕಟ್ಟಿನ ಅಡಿಯಲ್ಲಿ ಒಂಬತ್ತನೇ ತರಗತಿಯಿಂದ ಆಟೊಮೊಬೈಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವಿಷಯಗಳಿವೆ. ತೃತೀಯ ಭಾಷೆಯ ಬದಲಿಗೆ ಅದನ್ನು ತೆಗೆದುಕೊಂಡು ಎಸ್ಸೆಸ್ಸೆಲ್ಸಿ ಬರೆಯಬಹುದು. ನಿಮ್ಮ ಶಾಲೆಯಲ್ಲಿ ಅದಿದ್ದರೆ ಮೊದಲು ಅದರ ಪ್ರಯೋಗಾಲಯದ ಬೀಗ ತೆಗೆಸಿ, ಸಾಮಾನೆಲ್ಲ ಮಕ್ಕಳ ಕೈಗೆ ಬರುತ್ತಿದೆಯೇ ನೋಡಿ. ಇಲ್ಲದಿದ್ದರೆ ಊರಿನವರನ್ನೇ ಹುಡುಕಬೇಕು.

ನಮ್ಮ ಜಿಲ್ಲೆಯಲ್ಲಿ ಈ ಹುಡುಕಾಟ ಕಷ್ಟವಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಮಾಡಿ ದೇಶಕ್ಕೆಲ್ಲ ಕೊಟ್ಟಿತು. ಕಾರ್ಖಾನೆ ಮುಚ್ಚಿ ಎರಡು ದಶಕಕ್ಕೂ ಮೇಲಾಯಿತು. ಆದರೆ ಅಲ್ಲಿ ದುಡಿದ ಫಿಟ್ಟರ್, ಟರ್ನರ್‌ಗಳು ಹರಿಹರ, ದಾವಣಗೆರೆಯ ಬೀದಿಗಳಲ್ಲಿ ಇನ್ನೂ ಇದ್ದಾರೆ. ಮೈಕ್ರೊಮೀಟರ್ ಹಿಡಿದ ಆ ಕೈಗಳಿಗೆ ಈಗ ಕೆಲಸವಿಲ್ಲ, ಕೇಳುವವರೂ ಇಲ್ಲ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಮೆಂಟೆನೆನ್ಸ್ ನೋಡಿಕೊಂಡವರೂ ಹಾಗೆಯೇ. ಹೋಗಿ ಕರೆಯಿರಿ. ಒಬ್ಬ ನಿವೃತ್ತ ಕಾರ್ಮಿಕ ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ಅರ ಹಿಡಿಯುವ ರೀತಿ ತೋರಿಸಿದರೆ, ಅದಕ್ಕೆ ಸಮನಾದ ವಿಡಿಯೊ ನಾನು ಕಂಡಿಲ್ಲ. ಚಿತ್ರದುರ್ಗದ ಕಡೆಯವರು ಮೊಳಕಾಲ್ಮುರಿನ ರೇಷ್ಮೆ ಮಗ್ಗದವರನ್ನು, ಚಳ್ಳಕೆರೆಯ ಕಂಬಳಿ ನೇಯುವವರನ್ನು, ಎಣ್ಣೆ ಗಿರಣಿಯ ಮೆಕ್ಯಾನಿಕ್ಕುಗಳನ್ನು ನೆನೆಯಲಿ.

ಅಂಗಡಿಯವರನ್ನು ಕರೆಯುವುದಕ್ಕೊಂದು ಕ್ರಮವಿದೆ. ಸಂಜೆ ಗಿರಾಕಿಗಳ ಹೊತ್ತಿನಲ್ಲಿ ಹೋಗಬೇಡಿ. ಬೆಳಿಗ್ಗೆ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚಿದ ಮೇಲೆ ಹೋಗಿ. ಪಾಠ ಮಾಡಿ ಅಂದರೆ ‘ನಮಗೆಲ್ಲಿ ಬರ್ತೈತಿ ಸಾರ್ ಪಾಠ’ ಅಂತ ಹಿಂಜರಿಯುತ್ತಾರೆ. ‘ನೀವು ದಿನಾ ಮಾಡೋ ಒಂದು ರಿಪೇರಿಯನ್ನು ಮಕ್ಕಳ ಮುಂದೆ ನಿಧಾನವಾಗಿ ಮಾಡಿ, ಸಾಕು’ ಅನ್ನಿ. ನಮ್ಮ ಶಾಲೆಗೆ ಬರುವ ಸೈಕಲ್ ಶಾಪಿನ ಸಾಬರು ಮೊದಲ ದಿನ ಬೋರ್ಡಿಗೆ ಬೆನ್ನು ಕೊಟ್ಟು, ಮಕ್ಕಳ ಮುಖವನ್ನೂ ನೋಡದೆ ಕೆಲಸ ಮಾಡಿದರು. ಈಗ ಅವರು ಬರುವುದು ತಡವಾದರೆ ಮಕ್ಕಳು ಗೇಟಿನ ಹತ್ತಿರ ನಿಂತಿರುತ್ತಾರೆ, ‘ಉಸ್ತಾದ್ ಬಂದ್ರು’ ಅಂತ ಕೂಗುತ್ತಾರೆ. ಅರ್ಧ ದಿನದ ದುಡಿಮೆ ಬಿಟ್ಟು ಬರುವವರಿಗೆ ಗೌರವಧನ ಕೊಡಲೇಬೇಕು. ಶಾಲು, ಹಣ್ಣಿನ ತಟ್ಟೆ ವರ್ಷದ ಕೊನೆಗೆ ಇರಲಿ. ವಾರವಾರದ್ದು ದುಡ್ಡೇ ಆಗಿರಲಿ. ನಮ್ಮಲ್ಲಿ ಹಳೆ ವಿದ್ಯಾರ್ಥಿಗಳು ಅದನ್ನು ಹೊತ್ತುಕೊಂಡಿದ್ದಾರೆ.

ಮಕ್ಕಳನ್ನೇ ಅಂಗಡಿಗೆ ಕಳಿಸಿದರಾಗದೇ ಅಂತ ಕೇಳುತ್ತಾರೆ. ನೋಡಲು ಕರೆದುಕೊಂಡು ಹೋಗಿ, ಮೇಷ್ಟ್ರು ಜೊತೆಗಿರಲಿ, ಪೋಷಕರ ಒಪ್ಪಿಗೆ ಪತ್ರ ಇರಲಿ. ಕೆಲಸಕ್ಕೆ ಬಿಟ್ಟು ಬರಬೇಡಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಎಂಟನೇ ತರಗತಿಯ ಬಹಳ ಮಕ್ಕಳಿಗೆ ಇನ್ನೂ 13. ಕಾಯ್ದೆ ಒತ್ತಟ್ಟಿಗಿರಲಿ, ಗ್ಯಾರೇಜಿಗೆ ಬಿಟ್ಟ ಹುಡುಗ ಆರು ತಿಂಗಳು ಟೀ ತರುತ್ತಾನೆ, ಪಾನಾ ಎತ್ತಿಕೊಡುತ್ತಾನೆ. ಕಲಿಕೆ ಶಾಲೆಯೊಳಗೇ ಆಗಲಿ.

ಹೊತ್ತು, ಜಾಗ, ಸಾಮಾನು

ಶನಿವಾರ ಬೆಳಗಿನ ಶಾಲೆ. ಕೊನೆಯ ಎರಡು ಪಿರಿಯಡ್ ಒಟ್ಟಿಗೆ ಸಿಗುವಂತೆ ವೇಳಾಪಟ್ಟಿ ಮಾಡಿಸಿಕೊಳ್ಳಿ. ಒಂದು ಪಿರಿಯಡ್ ಸಾಲುವುದಿಲ್ಲ, ಸಾಮಾನು ಹರಡಿ ಕೂರುವಷ್ಟರಲ್ಲಿ ಬೆಲ್ಲಾಗುತ್ತದೆ. ಹೆಡ್‌ಮಾಸ್ಟರ್ ಒಪ್ಪಬೇಕಾದರೆ ರಿಸಲ್ಟಿನ ಭಯ ಕಳೆಯಬೇಕು. ಈ ಸೀಮೆಯಲ್ಲಿ ಆ ಭಯ ಸಣ್ಣದಲ್ಲ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಪಕ್ಕದ ಚಿತ್ರದುರ್ಗ ಇಡೀ ರಾಜ್ಯಕ್ಕೇ ಮೊದಲು ಬಂದಿತ್ತು, ಆಮೇಲೆ ಅಲ್ಲಿಯವರಿಗೂ ಇಲ್ಲಿಯವರಿಗೂ ಅದೇ ಅಳತೆಗೋಲು. ಹಾಗಾಗಿ ಹತ್ತನೆಯವರನ್ನು ದಸರಾ ರಜೆವರೆಗೆ ಮಾತ್ರ ಕೇಳಿ, ಎಂಟು ಮತ್ತು ಒಂಬತ್ತನೆಯವರನ್ನು ವರ್ಷಪೂರ್ತಿ ಕೇಳಿ. ಜಗಳವಾಗುವುದಿಲ್ಲ.

ಜಾಗಕ್ಕೆ ಕೊಠಡಿಯೇ ಬೇಕಿಲ್ಲ. ಜಗುಲಿ ಸಾಕು, ಬೇವಿನ ಮರದ ನೆರಳೂ ಆದೀತು. ಆದರೆ ಸಾಮಾನಿಡಲು ಬೀಗ ಇರುವ ಒಂದು ಕಬ್ಬಿಣದ ಬೀರು ಬೇಕೇ ಬೇಕು. 40 ಮಕ್ಕಳನ್ನು ಐದೈದರಂತೆ ಎಂಟು ಗುಂಪು ಮಾಡಿ. ಐದಕ್ಕಿಂತ ದೊಡ್ಡ ಗುಂಪಿನಲ್ಲಿ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಗುಂಪಿಗೊಂದು ಡಬಲ್ ಎಂಡ್ ಪಾನಾ ಸೆಟ್, ಕಟಿಂಗ್ ಪ್ಲೇಯರ್, ಎರಡು ಅಳತೆಯ ಸ್ಕ್ರೂಡ್ರೈವರ್, ಒಂದು ಅಡಿಯ ಸ್ಟೀಲ್ ಸ್ಕೇಲ್ ಕೊಡಿ. ಎಲ್ಲರಿಗೂ ಸೇರಿ ತುಂಡನ್ನು ಕಚ್ಚಿ ಹಿಡಿಯುವ ಎರಡು ಬೆಂಚ್ ವೈಸ್, ಎರಡು ಮಲ್ಟಿಮೀಟರ್, ಒಂದಷ್ಟು ಹ್ಯಾಕ್‌ಸಾ ಬ್ಲೇಡ್, ಒರಟು ಮತ್ತು ನಯದ ಅರಗಳು. ಅಗ್ಗದ ಪಾನಾ ತರಬೇಡಿ. ಅದರ ಬಾಯಿ ಅಗಲಾಗಿ ನಟ್ಟಿನ ಮೂಲೆ ಸವೆಸುತ್ತದೆ, ಮಗುವಿಗೆ ತನ್ನ ಕೈಯೇ ಸರಿಯಿಲ್ಲ ಅನ್ನಿಸುತ್ತದೆ. ಒಳ್ಳೆಯ ಸೆಟ್ ನಾಲ್ಕೇ ಬಂದರೂ ಪರವಾಗಿಲ್ಲ, ಗುಂಪುಗಳು ಸರದಿಯಲ್ಲಿ ಬಳಸಲಿ.

ಬೀರುವಿನ ಬಾಗಿಲ ಒಳಗೆ ಪ್ಲೈವುಡ್ ಹಲಗೆ ಹೊಡೆಸಿ, ಪ್ರತಿ ಸಾಮಾನಿನ ಆಕಾರವನ್ನು ಅದರ ಮೇಲೆ ಬಣ್ಣದಲ್ಲಿ ಬರೆಸಿ, ಮೊಳೆಗೆ ನೇತುಹಾಕಿಸಿ. ಏನು ವಾಪಸು ಬಂದಿಲ್ಲ ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ಯಾರನ್ನೂ ಅನುಮಾನದಿಂದ ಕೇಳಬೇಕಾಗುವುದಿಲ್ಲ. ಬಡ ಮಕ್ಕಳಿರುವ ಶಾಲೆಯಲ್ಲಿ ಇದು ಬಹಳ ಮುಖ್ಯ.

ಬಿಚ್ಚಿ ಕಲಿಯಲು ಬೇಕಾದ ಕೆಟ್ಟ ಫ್ಯಾನು, ಮಿಕ್ಸಿ, ಸೈಕಲ್ಲುಗಳನ್ನು ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ತನ್ನಿ.

ಅಪಾಯದ ಲೆಕ್ಕ

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಹೈಸ್ಕೂಲ್ ಮಕ್ಕಳ ಕೈಗೆ ನಾನು ಕೊಡದ ಕೆಲಸಗಳಿವೆ: ಗ್ರೈಂಡಿಂಗ್ ಮಿಷನ್, ವೆಲ್ಡಿಂಗ್, ಬ್ಯಾಟರಿ ಆಸಿಡ್, ಏಣಿ ಹತ್ತುವ ಕೆಲಸ, ತ್ರೀ ಫೇಸ್ ಕರೆಂಟಿನ ಯಾವುದೂ. ಅವುಗಳನ್ನು ದೂರದಿಂದ ತೋರಿಸುತ್ತೇನೆ. ವೆಲ್ಡಿಂಗ್ ಅಂತೂ ಬರಿಗಣ್ಣಲ್ಲಿ ನೋಡಲೂ ಬಿಡುವುದಿಲ್ಲ.

ಕಾಲಿಗೆ ಶೂ ಇಲ್ಲದೆ ಯಾರೂ ಕೂರಬಾರದು. ಸರ್ಕಾರ ಕೊಡುವ ಕಪ್ಪು ಶೂ ಇದೆಯಲ್ಲ, ಅದು ಸಾಕು. ಹವಾಯಿ ಚಪ್ಪಲಿ ನಡೆಯುವುದಿಲ್ಲ. ಜಡೆಯನ್ನು ಮೇಲೆತ್ತಿ ಕಟ್ಟಬೇಕು, ವೇಲನ್ನು ಅಡ್ಡ ಹಾಕಿ ಸೊಂಟಕ್ಕೆ ಬಿಗಿಯಬೇಕು. ಬಳೆ, ಉಂಗುರ, ಕೈದಾರ ಬಿಚ್ಚಿಡಬೇಕು. ಕೈದಾರ ದೇವರದ್ದು, ಬಿಚ್ಚಲ್ಲ ಅಂದವರ ಕೈಗೆ ತೋಳಿನ ಬಟ್ಟೆ ಎಳೆದು ರಬ್ಬರ್ ಬ್ಯಾಂಡ್ ಹಾಕಿಸಿ. ನಂಬಿಕೆಯ ಜೊತೆ ಜಗಳ ಬೇಡ. ಅರದಿಂದ ಉಜ್ಜಿದ ಕಬ್ಬಿಣದ ಪುಡಿಯನ್ನು ಬಾಯಿಂದ ಊದುವುದು ಎಲ್ಲ ಮಕ್ಕಳಿಗೂ ಬರುವ ಅಭ್ಯಾಸ, ಅದು ನೇರ ಕಣ್ಣಿಗೆ ಬೀಳುತ್ತದೆ. ಗುಂಪಿಗೊಂದು ಬ್ರಷ್ ಕೊಡಿ. ಹಿಡಿಕೆ ಇಲ್ಲದ ಅರವನ್ನು ಕೊಡಬೇಡಿ, ಅದರ ಚೂಪು ಬಾಲ ಅಂಗೈಗೆ ನುಗ್ಗುತ್ತದೆ.

ಕೆಲಸದ ಜಾಗಕ್ಕೆ ಬರುವ ಕರೆಂಟಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಹಾಕಿಸಿ. ಕರೆಂಟ್ ಹಿಡಿದವರನ್ನು ಕೈಯಿಂದ ಎಳೆಯಬಾರದು, ಮೊದಲು ಮೇನ್ ಆಫ್ ಮಾಡಬೇಕು. ಇದನ್ನು ಬೋರ್ಡಿನಲ್ಲಿ ಬರೆದರೆ ಸಾಲದು. ತಿಂಗಳಿಗೊಮ್ಮೆ ಯಾರಾದರೊಬ್ಬರನ್ನು ದಿಢೀರನೆ ನಿಲ್ಲಿಸಿ ‘ಈಗ ಇವನಿಗೆ ಶಾಕ್ ಹೊಡೆದಿದೆ, ಏನು ಮಾಡ್ತೀರಿ?’ ಅಂತ ಕೇಳಿ, ಮೇನ್ ಸ್ವಿಚ್‌ವರೆಗೆ ಓಡಿಸಿ. ನಮ್ಮ ಹಳ್ಳಿಗಳಲ್ಲಿ ಪ್ರತಿ ಹೊಲದಲ್ಲೂ ಒಂದು ಸ್ಟಾರ್ಟರ್ ಡಬ್ಬ ಇದೆ. ಈ ಓಟ ಮನೆಗೂ ಹೋಗುತ್ತದೆ.

ಮೊದಲ ಕೆಲಸ: ಸೈಕಲ್

ಎಲ್ಲಿಂದ ಶುರು ಮಾಡುವುದು ಅಂತ ಕೇಳುವವರಿಗೆಲ್ಲ ನನ್ನದೊಂದೇ ಉತ್ತರ. ಸೈಕಲ್ಲಿನಿಂದ. 2006–07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತಲ್ಲ, ಆ ಸೈಕಲ್ಲುಗಳು ಅಕ್ಕಂದಿರು, ಅಣ್ಣಂದಿರು ಬಿಟ್ಟುಹೋದ ಮೇಲೆ ಹಿತ್ತಿಲಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿವೆ. ‘ಮನೆಯಲ್ಲಿ ನಿಂತಿರುವ ಸೈಕಲ್ ತನ್ನಿ’ ಅಂದರೆ ಒಂದು ವಾರದಲ್ಲಿ ಹತ್ತಾರು ಬರುತ್ತವೆ. ಕರೆಂಟಿನ ಅಪಾಯವಿಲ್ಲ, ಎಲ್ಲ ಭಾಗ ಕಣ್ಣಿಗೆ ಕಾಣುತ್ತದೆ, ಸರಿಯಾಯಿತೋ ಇಲ್ಲವೋ ಹತ್ತಿ ತುಳಿದರೆ ಅಲ್ಲೇ ತಿಳಿಯುತ್ತದೆ.

ಮೊದಲ ವಾರ ಪಂಕ್ಚರ್. ಟ್ಯೂಬಿಗೆ ಗಾಳಿ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದನ್ನು ಎಲ್ಲರೂ ಬಲ್ಲರು. ಎಡವುವುದು ಅದರ ನಂತರ. ಗುರುತು ಮಾಡಿ ಪೂರ್ತಿ ಒಣಗಿಸಬೇಕು, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಪಾಲಿಷ್ ಪೇಪರಿನಿಂದ ಉಜ್ಜಬೇಕು, ಸೊಲ್ಯೂಷನ್ ತೆಳ್ಳಗೆ ಸವರಿ ಕಾಯಬೇಕು. ಆ ಕಾಯುವ ಹೊತ್ತು ಮಕ್ಕಳಿಗೆ ತಡೆಯುವುದಿಲ್ಲ. ಹಸಿ ಇದ್ದಾಗಲೇ ಪ್ಯಾಚ್ ಒತ್ತುತ್ತಾರೆ, ಗಾಳಿ ಹಾಕಿದ ಕೂಡಲೇ ಅದು ಎದ್ದುಬರುತ್ತದೆ. ಒಂದು ಸಲ ಏಳಲಿ ಬಿಡಿ. ಎರಡನೇ ಸಲ ತಾವೇ ಬೆರಳ ತುದಿಯಿಂದ ಅಂಚನ್ನು ಮುಟ್ಟಿ ನೋಡುತ್ತಾರೆ, ಹೊಳಪು ಹೋಗಿ ಅಂಟು ಬೆರಳಿಗೆ ಹತ್ತದಂತಾದ ಮೇಲೇ ಪ್ಯಾಚ್ ಇಡುತ್ತಾರೆ. ಟ್ಯೂಬನ್ನು ಒಳಗೆ ಹಾಕುವ ಮುಂಚೆ ಟೈರಿನ ಒಳಮೈಯನ್ನು ಒಂದು ಬಟ್ಟೆಯಿಂದ ಸುತ್ತಲೂ ಸವರಿಸಿ. ನಮ್ಮ ಬಯಲುಸೀಮೆಯ ಜಾಲಿಮುಳ್ಳು ಅಲ್ಲೇ ಮುರಿದು ಕೂತಿರುತ್ತದೆ. ಅದನ್ನು ತೆಗೆಯದೆ ಮುಚ್ಚಿದರೆ ಗೇಟು ದಾಟುವುದರೊಳಗೆ ಮತ್ತೆ ಪಂಕ್ಚರ್. ತೂತು ಮುಚ್ಚುವುದಕ್ಕೂ ತೂತಾಗಿದ್ದೇಕೆ ಅಂತ ಹುಡುಕುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಇಷ್ಟು ಅಗ್ಗವಾಗಿ ಬೇರೆಲ್ಲೂ ಕಲಿಸಲಾರೆ.

ಎರಡನೇ, ಮೂರನೇ ವಾರ ಹಬ್, ಅಂದರೆ ಚಕ್ರದ ನಡುವಿನ ಗುಂಬ. ಬಿಚ್ಚುವ ಮುಂಚೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಸಿ: ಹೊರಗಿನಿಂದ ಒಳಕ್ಕೆ ಯಾವ ನಟ್, ಯಾವ ವಾಷರ್, ಯಾವ ಕೋನ್ (ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟು). ಬಿಚ್ಚಿದ್ದನ್ನು ಅದೇ ಕ್ರಮದಲ್ಲಿ ಹಳೆ ಪೇಪರಿನ ಮೇಲೆ ಎಡದಿಂದ ಬಲಕ್ಕೆ ಜೋಡಿಸಲಿ. ಬಾಲ್ಸ್ ತೆಗೆಯುವಾಗ ಎರಡೂ ಕಡೆಯವನ್ನು ಬೇರೆ ಬೇರೆ ಎಣಿಸಿ ಬರೆದುಕೊಳ್ಳಲಿ, ಅಗಲ ಬಾಯಿಯ ತಟ್ಟೆಯಲ್ಲಿ ಹಾಕಲಿ. ಹಳೆ ಗ್ರೀಸನ್ನು ಕಾಟನ್ ವೇಸ್ಟಿನಿಂದ ಒರೆಸಿ, ಸವೆದ ಬಾಲ್ ಬದಲಿಸಿ, ಹೊಸ ಗ್ರೀಸ್ ತುಂಬಿ, ಮತ್ತೆ ಕೂಡಿಸಬೇಕು. ಕೋನ್ ಬಿಗಿ ಮಾಡುವುದೇ ಇಡೀ ಕೆಲಸದ ಜೀವ. ಜಾಸ್ತಿ ಬಿಗಿಯಾದರೆ ಚಕ್ರ ಒರಟಾಗಿ ತಿರುಗಿ ಗಕ್ಕನೆ ನಿಲ್ಲುತ್ತದೆ, ಸಡಿಲಾದರೆ ರಿಮ್ಮು ಹಿಡಿದು ಅಲುಗಿಸಿದಾಗ ಲಟಲಟ ಅನ್ನುತ್ತದೆ. ಸರಿಯಾದ ಬಿಗಿಯಲ್ಲಿ ಚಕ್ರವನ್ನು ಮೆಲ್ಲಗೆ ಬಿಟ್ಟರೆ ಭಾರದ ಕಡೆ, ಸಾಮಾನ್ಯವಾಗಿ ವಾಲ್ವ್ ಇರುವ ಕಡೆ, ತಾನೇ ಕೆಳಗೆ ಬಂದು ಅತ್ತಿತ್ತ ತೂಗಿ ನಿಲ್ಲುತ್ತದೆ. ಮಾತಿನಲ್ಲಿ ಇದನ್ನು ಎಷ್ಟು ಹೇಳಿದರೂ ಅಷ್ಟೆ, ಕೈಗೆ ತಿಳಿಯಬೇಕು. ತಿಳಿದ ಕ್ಷಣ ಮಗುವಿನ ಮುಖದಲ್ಲಿ ಕಾಣುತ್ತದೆ.

ಪೆಡಲ್ ಬಿಚ್ಚುವಾಗ ಏನೂ ಹೇಳದೆ ಸುಮ್ಮನಿರಿ. ಬಲಗಡೆಯದು ಬರುತ್ತದೆ. ಎಡಗಡೆಯದನ್ನು ಅದೇ ದಿಕ್ಕಿಗೆ ತಿರುಗಿಸಿ ತಿರುಗಿಸಿ ಇನ್ನೂ ಬಿಗಿ ಮಾಡಿಕೊಳ್ಳುತ್ತಾರೆ. ಎಡಪೆಡಲಿನ ಥ್ರೆಡ್ ಉಲ್ಟಾ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಯಾಕೆ ಹಾಗೆ ಮಾಡಿದ್ದಾರೆ? ಉತ್ತರ ಹೇಳಬೇಡಿ, ಮುಂದಿನ ಶನಿವಾರಕ್ಕೆ ಬಿಡಿ. ತುಳಿಯುವಾಗಿನ ಒತ್ತಡ ಸುತ್ತುತ್ತಾ ಪೆಡಲನ್ನು ಸಡಿಲ ಮಾಡದಿರಲಿ ಅಂತ ಹಾಗೆ ಅನ್ನುವುದನ್ನು ಒಂದಲ್ಲ ಒಂದು ಗುಂಪು ಹೇಗೋ ಕಂಡುಹಿಡಿದು ಬರುತ್ತದೆ.

ಗಣಿತದ ಮೇಷ್ಟ್ರನ್ನು ಇಲ್ಲಿಗೆ ಕರೆತನ್ನಿ. ಪೆಡಲ್ ಇರುವ ಹಲ್ಲುಚಕ್ರದ ಹಲ್ಲುಗಳನ್ನೂ ಹಿಂದಿನ ಫ್ರೀವೀಲಿನ ಹಲ್ಲುಗಳನ್ನೂ ಎಣಿಸಲಿ. 44 ಮತ್ತು 18 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಗಾಲಿ 2.44 ಸುತ್ತು. ಗಾಲಿಯ ವ್ಯಾಸ 26 ಇಂಚು, ಅಂದರೆ 66 ಸೆಂಟಿಮೀಟರ್. ಪರಿಧಿ ಸುಮಾರು 2.07 ಮೀಟರ್. ಹಾಗಾದರೆ ಒಂದು ತುಳಿತದ ಸುತ್ತಿಗೆ ಸುಮಾರು 5 ಮೀಟರ್. ಲೆಕ್ಕ ಮಾಡಿದ ಮೇಲೆ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ, ಪೆಡಲನ್ನು ಒಂದು ಸುತ್ತು ತಿರುಗಿಸಿ ಟೇಪಿನಲ್ಲಿ ಅಳೆಯಲಿ. ಪೈ ಬೆಲೆ ಬಾಯಿಪಾಠವಿದ್ದ ಹುಡುಗಿಯೊಬ್ಬಳು ಟೇಪ್ ನೋಡಿ ‘ಸಾರ್, ಬಂತು!’ ಅಂತ ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಸರಿಯಾದ ಸೈಕಲ್ಲಿಗೆ ಒಂದು ರಟ್ಟಿನ ಚೀಟಿ ಕಟ್ಟಿಸಿ. ಏನು ಕೆಟ್ಟಿತ್ತು, ಏನು ಮಾಡಿದೆವು, ಇನ್ನೇನು ಬಾಕಿ ಇದೆ ಅಂತ ಕನ್ನಡದಲ್ಲಿ ನಾಲ್ಕು ಸಾಲು, ಕೆಳಗೆ ಗುಂಪಿನ ಐವರ ಸಹಿ. ಬ್ರೇಕನ್ನು ಮಾತ್ರ ದೊಡ್ಡವರೇ ಪರೀಕ್ಷಿಸಿ, ಮೈದಾನದಲ್ಲಿ ಓಡಿಸಿ ನೋಡಿ, ಆಮೇಲೆ ಮನೆಗೆ ಬಿಡಿ.

ಎರಡನೇ ಕೆಲಸ: ಎಕ್ಸ್‌ಟೆನ್ಷನ್ ಬೋರ್ಡ್

ದಸರಾ ಮುಗಿದ ಮೇಲೆ ಒಂಬತ್ತನೆಯವರಿಗೆ ಇದು. ಪ್ರತಿ ಗುಂಪು ಒಂದು ಬೋರ್ಡ್ ಮಾಡಬೇಕು, ಅದು ಶಾಲೆಯ ತರಗತಿಗೋ ಅಂಗನವಾಡಿಗೋ ಹೋಗಬೇಕು. ನಾಲ್ಕು ಸಾಕೆಟ್, ಒಂದು ಸ್ವಿಚ್, ಒಂದು ಇಂಡಿಕೇಟರ್, ಮೂರು ಎಳೆಯ 1.5 ಚದರ ಮಿಲಿಮೀಟರ್ ತಾಮ್ರದ ವೈರ್, 6 ಆಂಪಿಯರಿನ ತ್ರೀ ಪಿನ್ ಪ್ಲಗ್ ಸಾಕು.

ವೈರಿನ ತುದಿ ಸುಲಿಯುವಾಗ ಒಳಗಿನ ತಾಮ್ರದ ಸಣ್ಣ ಎಳೆ ಒಂದೂ ಕತ್ತರಿಸಬಾರದು. ಸುಲಿದ ಎಳೆಗಳನ್ನು ಹೊಸೆದು ಟರ್ಮಿನಲ್ಲಿಗೆ ಹಾಕಿದ ಮೇಲೆ ಒಂದು ಎಳೆಯೂ ಹೊರಗೆ ಇಣುಕಬಾರದು. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ದೊಡ್ಡ ತೂತು ಮೇಲೆ, ಅದು ಅರ್ತ್. ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಹಿಂದಿನಿಂದ ವೈರ್ ಕೊಡುವಾಗ ಎಡಬಲ ಅದಲುಬದಲಾಗುತ್ತದೆ, ಬಹಳ ಮಕ್ಕಳು ಇಲ್ಲೇ ಸಿಕ್ಕಿಬೀಳುತ್ತಾರೆ. ಸ್ವಿಚ್ ಬರಬೇಕಾದ್ದು ಫೇಸ್ ವೈರಿಗೆ. ನ್ಯೂಟ್ರಲ್ಲಿಗೆ ಬಂದರೂ ಬಲ್ಬ್ ಆರುತ್ತದೆ, ಆದರೆ ಸಾಕೆಟ್ಟಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಈ ಮಾತನ್ನು ನಿಧಾನಕ್ಕೆ, ಮೂರು ಸಲ ಹೇಳಿ. ಪ್ಲಗ್ಗಿನೊಳಗೆ ಹಸಿರು ವೈರನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಿಸಿ. ಯಾರಾದರೂ ವೈರ್ ಹಿಡಿದು ಎಳೆದರೆ ಕೊನೆಗೆ ಕಿತ್ತುಬರುವುದು ಅರ್ತ್ ಆಗಿರಬೇಕು.

ಕರೆಂಟ್ ಕೊಡುವ ಮುಂಚೆ ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ, ಅಂದರೆ ವೈರ್ ಎಲ್ಲಿಂದ ಎಲ್ಲಿಗೆ ಕೂಡಿದೆ ಅನ್ನುವುದನ್ನು, ನೋಡಲಿ. ಪ್ಲಗ್ಗಿನ ದಪ್ಪ ಪಿನ್ನಿಗೂ ನಾಲ್ಕೂ ಸಾಕೆಟ್ಟಿನ ಮೇಲಿನ ತೂತಿಗೂ ಬೀಪ್ ಬರಬೇಕು. ಫೇಸಿಗೂ ನ್ಯೂಟ್ರಲ್ಲಿಗೂ, ಫೇಸಿಗೂ ಅರ್ತಿಗೂ ಬರಬಾರದು. ಒಂದು ಗುಂಪಿನ ಬೋರ್ಡನ್ನು ಇನ್ನೊಂದು ಗುಂಪು ಪರೀಕ್ಷೆ ಮಾಡಲಿ. ಪ್ಲಗ್ ಹಾಕಿ ಸ್ವಿಚ್ ಒತ್ತುವುದು ಮೇಷ್ಟ್ರ ಕೆಲಸ, ಮಕ್ಕಳದ್ದಲ್ಲ. ಶಾಲೆಯ ಗೋಡೆಯ ವೈರಿಂಗನ್ನು ಮಕ್ಕಳು ಮುಟ್ಟಲೇಬಾರದು.

ಹತ್ತನೇ ತರಗತಿಯ ವಿಜ್ಞಾನದಲ್ಲಿ ಬರುವ ಸಾಮರ್ಥ್ಯದ ಸೂತ್ರ ಇಲ್ಲಿ ತಾನಾಗಿ ಬರುತ್ತದೆ. 230 ವೋಲ್ಟ್, 6 ಆಂಪಿಯರ್, ಗುಣಿಸಿದರೆ 1380 ವಾಟ್. ಇಸ್ತ್ರಿಪೆಟ್ಟಿಗೆ 1000 ವಾಟ್, ನಡೆಯುತ್ತದೆ. ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ರಾಡ್ 1500 ವಾಟ್, ಆರೂವರೆ ಆಂಪಿಯರ್ ಎಳೆಯುತ್ತದೆ, ಕೂಡದು. ಮಕ್ಕಳು ಮನೆಗೆ ಹೋಗಿ ಬಚ್ಚಲುಮನೆಯಲ್ಲಿ ನೇತಾಡುವ ಬೋರ್ಡನ್ನು ನೋಡಿ ಅಮ್ಮನಿಗೆ ಹೇಳುತ್ತಾರೆ. ಅಷ್ಟು ಆದರೆ ಆ ವರ್ಷದ ಶ್ರಮ ಸಂದಂತೆ.

ಉಳಿದ ಕೆಲಸಗಳನ್ನು ಶಾಲೆಯ ಸುತ್ತ ಏನಿದೆ ನೋಡಿ ಆರಿಸಿಕೊಳ್ಳಿ. ಹೊಲಿಗೆ ಮಿಷನ್ ಇದ್ದರೆ ಬಟ್ಟೆ ಕೈಚೀಲ, ಬಿಸಿಯೂಟದ ಪಾತ್ರೆ ಹಿಡಿಯುವ ದಪ್ಪ ಕೈಬಟ್ಟೆ. ಬಾವಿಯೋ ಟ್ಯಾಂಕೋ ಇದ್ದರೆ ಕೈತೋಟಕ್ಕೆ ಡ್ರಿಪ್. ಗುಜರಿಯ ಫ್ಯಾನ್ ಇದ್ದರೆ ವೈಂಡಿಂಗ್ ಬಿಚ್ಚಿ ಸುತ್ತು ಎಣಿಸುವುದು. ಬೋರ್‌ವೆಲ್ ಮೋಟಾರ್ ಸುಟ್ಟು ಬೇಸಿಗೆಯಲ್ಲಿ ರಿವೈಂಡಿಂಗ್ ಅಂಗಡಿ ಮುಂದೆ ಕಾಯುವ ರೈತರ ಮಕ್ಕಳಿಗೆ, ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟಾರ್ ಯಾಕೆ ಗುಂಯ್ ಅಂದು ಸುಡುತ್ತದೆ ಅನ್ನುವುದು ಆ ಫ್ಯಾನ್ ಬಿಚ್ಚಿದ ಮೇಲೆ ಹೇಳಿದರೆ ಅರ್ಥವಾಗುತ್ತದೆ. ಹುಡುಗರು ಹೊಲಿಗೆಗೂ ಹುಡುಗಿಯರು ಪಾನಾಕ್ಕೂ ಕೂರಲೇಬೇಕು. ಕೊನೆಯಲ್ಲಿ ಕಸ ಗುಡಿಸುವ ಸರದಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಹಾಕಿ. ಯಾವ ಮನೆಯ ಮಗು ಯಾವ ಕೆಲಸಕ್ಕೆ ಅಂತ ಊರು ಹಿಂದೆ ಮಾಡಿಟ್ಟ ಹಂಚಿಕೆ ಶಾಲೆಯ ಜಗುಲಿ ಹತ್ತಬಾರದು.

ಮನೆಯವರ ಜೊತೆ ಮಾತು

ಒಬ್ಬ ತಂದೆ ಬಂದು ಕೇಳಿದರು, ‘ಅಲ್ರೀ ಮೇಷ್ಟ್ರೆ, ನಾನೇ ಗ್ಯಾರೇಜಿನಾಗ ಕೈ ಕಪ್ಪು ಮಾಡ್ಕೊಂಡು ಸಾಯ್ತೀನಿ. ಮಗನ್ನ ಶಾಲಿಗೆ ಕಳ್ಸಿದ್ದು ಅದಕ್ಕೇನು?’ ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಇಂಥವರಿಗೆ ಶ್ರಮದ ಹಿರಿಮೆ ಅಂತ ಭಾಷಣ ಮಾಡಬೇಡಿ, ಶ್ರಮ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾನು ಅವರಿಗೆ ಹೇಳಿದ್ದಿಷ್ಟು: ‘ನಿಮ್ಮ ಮಗ ಗ್ಯಾರೇಜಿಗೇ ಬರಲಿ ಅಂತ ಅಲ್ಲ ಯಜಮಾನ್ರೆ. ನೀವು ಕಿವಿಗೊಟ್ಟು ಇಂಜಿನ್ ದೋಷ ಹೇಳ್ತೀರಲ್ಲ, ಆ ಬುದ್ಧಿ ಅವನ ಓದಿಗೂ ಬರಲಿ ಅಂತ. ನೀವೇ ಒಂದು ಶನಿವಾರ ಬಂದು ಹೇಳಿಕೊಡಿ.’ ಅವರು ಬಂದರು. ತಂದೆಯ ಸುತ್ತ ತರಗತಿಯೆಲ್ಲ ನಿಂತಿದ್ದಾಗ ಮಗ ಅವರ ಪಕ್ಕದಿಂದ ಅಲುಗಲಿಲ್ಲ.

ಅಂಕದ ವಿಷಯ ಚಿಕ್ಕದು. ಮುಗಿದ ಕೆಲಸಕ್ಕೆ ಅರ್ಧ ಅಂಕ, ಉಳಿದರ್ಧ ನೋಟ್‌ಬುಕ್ಕಿನ ಚಿತ್ರ, ಅಳತೆ ಮತ್ತು ಸಾಮಾನನ್ನು ಜಾಗಕ್ಕಿಟ್ಟ ಶಿಸ್ತಿಗೆ. ಬೇಗ ಮುಗಿಸಿದವರಿಗೆ ಹೆಚ್ಚು ಅಂಕ ಕೊಡಬೇಡಿ, ಅವಸರ ಕಲಿಸಿದಂತಾಗುತ್ತದೆ.

ಹತ್ತನೇ ತರಗತಿಯ ಆಚೆ

ಕೈಕೆಲಸದ ದಾರಿಗೆ ಹೋದರೆ ಓದು ಅಲ್ಲಿಗೇ ನಿಂತಿತು ಅನ್ನುವ ಭಯ ಮನೆಮನೆಯಲ್ಲೂ ಇದೆ. ಅದು ನಿಜವಲ್ಲ, ಕಾಗದದ ಮೇಲೆ ಬರೆದು ತೋರಿಸಿ. ಎಸ್ಸೆಸ್ಸೆಲ್ಸಿ ನಂತರ ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. 1951ರಲ್ಲಿ ಶುರುವಾದ ನಮ್ಮೂರಿನ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿಗೂ ಈ ದಾರಿಯಲ್ಲಿ ಹೋಗಬಹುದು. ಹರಿಹರದಲ್ಲಿ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಒಂಬತ್ತನೆಯವರನ್ನು ಜನವರಿ ಹೊತ್ತಿಗೆ ಒಂದು ಐಟಿಐಗೆ, ಸಾಧ್ಯವಾದರೆ ಹರಿಹರಕ್ಕೂ ಕರೆದುಕೊಂಡು ಹೋಗಿ. ಪ್ರಿನ್ಸಿಪಾಲರಿಗೆ ಮೊದಲೇ ಪತ್ರ ಬರೆದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಕ್ಲಾಸ್‌ರೂಮ್ ತೋರಿಸುವುದು ಬೇಡ, ಯಂತ್ರಗಳು ಓಡುವ ಹೊತ್ತಿಗೆ ವರ್ಕ್‌ಶಾಪಿಗೆ ಬಿಡಿ ಅಂತ ಪತ್ರದಲ್ಲೇ ಕೇಳಿ. ಮಕ್ಕಳ ಜೊತೆ ಇಬ್ಬರು ಮೂವರು ತಾಯಂದಿರೂ ಇರಲಿ. ಮಗಳನ್ನು ಐಟಿಐಗೆ ಕಳಿಸಬೇಕೋ ಬೇಡವೋ ಅನ್ನುವುದು ಮನೆಯಲ್ಲಿ ತೀರ್ಮಾನವಾಗುವಾಗ, ಕಣ್ಣಾರೆ ನೋಡಿ ಬಂದ ತಾಯಿಯ ಮಾತು ನಡೆಯುತ್ತದೆ.

ಹತ್ತನೆಯವರ ಪರೀಕ್ಷೆ ಮುಗಿದ ವಾರವೇ ಅವರನ್ನು ನಾಡಕಚೇರಿಗೆ ಕಳಿಸಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿ. ಹೆಸರು, ಜನ್ಮದಿನಾಂಕ ಆಧಾರ್ ಕಾರ್ಡಿನಲ್ಲೂ ಶಾಲೆಯ ದಾಖಲೆಯಲ್ಲೂ ಒಂದೇ ಇದೆಯೇ ಅಂತ ಆಗಲೇ ಹೋಲಿಸಿ ನೋಡಿ. ಫಲಿತಾಂಶ ಬಂದ ಮೇಲೆ ಅರ್ಜಿಯ ದಿನಗಳು ಬೇಗ ಓಡುತ್ತವೆ. ಕೆಲಸ ಬಲ್ಲ, ಆಸೆಯಿರುವ ಮಗುವಿಗೆ ಒಂದು ಕಾಗದ ಸಿಗದೆ ಸೀಟು ತಪ್ಪಬಾರದು. ಫಲಿತಾಂಶದ ದಿನ ಶಾಲೆಯ ಕಂಪ್ಯೂಟರ್ ಕೊಠಡಿ ತೆರೆದಿರಲಿ, ಅರ್ಜಿ ತುಂಬಲು ಒಬ್ಬ ಮೇಷ್ಟ್ರು ಅಲ್ಲಿ ಕೂತಿರಲಿ.